ಜುಲೈ ನಾಲ್ಕರ ಕೂಟ ನಮ್ಮ ಹಿತ್ತಲಲ್ಲಿ: ಊಟ, ಬಾವುಟ, ಪಟಾಕಿಗಳ ಬಗ್ಗೆ ಸಲಹೆ ಬೇಕು

ತುಂಗಾತೀರದವಳು (ಬಾಸ್ಟನ್ ಹೊರವಲಯ):

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷಗಳಿಂದ ಇಲ್ಲಿ ನೆಲೆಸಿರುವ ನಮಗೆ ಕಳೆದ ಚಳಿಗಾಲದಲ್ಲಿ ಅಮೆರಿಕದ ಪೌರತ್ವ ದೊರಕಿತು. ಈ ದೇಶದ ಸ್ವಾತಂತ್ರ್ಯ ಘೋಷಣೆಗೆ 2026ರ ಜುಲೈ 4ರಂದು 250 ವರ್ಷ ತುಂಬುತ್ತದೆ. ಆ ದಿನ ಶನಿವಾರವೂ ಆಗಿರುವುದರಿಂದ ನಮ್ಮ ಹಿತ್ತಲಿನಲ್ಲಿ ಸುಮಾರು ಇಪ್ಪತ್ತೈದು ಜನರ ಕೂಟವೊಂದನ್ನು ಏರ್ಪಡಿಸಬೇಕೆಂದು ಯೋಚಿಸಿದ್ದೇನೆ. ಬರುವವರಲ್ಲಿ ಅರ್ಧದಷ್ಟು ಜನ ನಮ್ಮ ಬೀದಿಯ ಅಮೆರಿಕನ್ ಕುಟುಂಬದವರು, ಉಳಿದವರು ಕನ್ನಡದ ಗೆಳೆಯರು. ಶಿಕಾರಿಪುರದಿಂದ ಬಂದಿರುವ ನಮ್ಮ ಅತ್ತೆ-ಮಾವನವರು ಆಗಸ್ಟ್‌ವರೆಗೂ ನಮ್ಮೊಡನೆ ಇರುತ್ತಾರೆ. ಅವರು ಮೊಟ್ಟೆಯನ್ನೂ ಮುಟ್ಟದವರು.

ಒಂದೇ ಗ್ರಿಲ್‌ನಲ್ಲಿ ಎರಡು ಬಗೆಯ ಅತಿಥಿಗಳಿಗೆ ಅಡುಗೆ ಮಾಡುವುದು ಹೇಗೆ? ಬಾವುಟದ ಚಿತ್ರವಿರುವ ಮೇಜುವಸ್ತ್ರ, ಕಾಗದದ ಕರವಸ್ತ್ರ ಇತ್ಯಾದಿಗಳು ಅಂಗಡಿಗಳಲ್ಲಿ ರಾಶಿ ಬಿದ್ದಿವೆ, ಅವನ್ನು ಬಳಸುವುದು ಸರಿಯೇ? ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದ ನೋವು ಇನ್ನೂ ಆರದ ನನ್ನ ಪತಿಗೆ ಭಾರತದ ತ್ರಿವರ್ಣವನ್ನೂ ಜೊತೆಗೆ ಹಾರಿಸುವ ಆಸೆಯಿದೆ. ಮಕ್ಕಳಿಗಂತೂ ಪಟಾಕಿಯೊಂದೇ ಧ್ಯಾನ. ಇವೆಲ್ಲದರ ನಡುವೆ ಮಾವನವರು ನಿನ್ನೆ ಊಟ ಮಾಡುತ್ತಾ, "ಅವರ ಹಬ್ಬದಲ್ಲಿ ನಾನು ಕೂತು ಏನು ಮಾಡಲಮ್ಮ?" ಎಂದು ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹಿತ್ತಲ ಬಾಣಸಿಗ (ನ್ಯೂಜೆರ್ಸಿ):

ಒಂದೇ ಗ್ರಿಲ್ಲಿನ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಅರ್ಧ ಭಾಗದಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ ಸಸ್ಯಾಹಾರ ಬೇಯಿಸುತ್ತೇನೆ ಎಂದು ನಾನೂ ಒಮ್ಮೆ ಹೊರಟಿದ್ದೆ. ಮೊದಲ ಹತ್ತು ನಿಮಿಷ ಶಿಸ್ತಿನಿಂದ ನಡೆದ ಕೆಲಸ, ಆಮೇಲೆ ಯಾರೋ ಸಹಾಯಕ್ಕೆಂದು ಬಂದು ಒಂದೇ ಇಕ್ಕಳದಿಂದ ಎರಡೂ ಕಡೆ ತಿರುವಿ ಹಾಕಿದ್ದರಿಂದ ಕೆಟ್ಟುಹೋಯಿತು. ನಿಮ್ಮ ಗ್ರಿಲ್ಲನ್ನು ಸಂಪೂರ್ಣವಾಗಿ ಸಸ್ಯಾಹಾರಕ್ಕೆ ಮೀಸಲಿಟ್ಟು, ಮಾಂಸಕ್ಕಾಗಿ ನೆರೆಯವರೊಬ್ಬರು ತಮ್ಮ ಗ್ರಿಲ್ಲನ್ನು ತಂದು ತಾವೇ ನಿಂತು ನೋಡಿಕೊಳ್ಳುವಂತೆ ಕೇಳಿಕೊಳ್ಳಿ. ಈ ದೇಶದಲ್ಲಿ ಗ್ರಿಲ್ಲಿನ ಮುಂದೆ ನಿಲ್ಲುವುದನ್ನು ಗೌರವವೆಂದೇ ಭಾವಿಸುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಎರಡೂ ಗ್ರಿಲ್‌ಗಳು ಮನೆಯ ಗೋಡೆಯಿಂದ ಹತ್ತು ಅಡಿಯಾದರೂ ದೂರವಿರಲಿ.

ಮಾಂಸ ಕಣ್ಣಿಗೆ ಕಾಣುವುದರಿಂದ ಅದರ ಬಗ್ಗೆ ಭಯವಿಲ್ಲ, ಕಾಣದೆ ಒಳಗೆ ಸೇರಿರುವ ಪದಾರ್ಥಗಳೇ ಅಪಾಯ. ಕೆಂಪು-ಬಿಳಿ-ನೀಲಿ ಪದರಗಳ ಜೆಲ್ಲಿಯಲ್ಲೂ ಮಕ್ಕಳು ಬೆಂಕಿಯಲ್ಲಿ ಸುಟ್ಟು ತಿನ್ನುವ ಮಾರ್ಷ್‌ಮ್ಯಾಲೋದಲ್ಲೂ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದನ್ನು ತಯಾರಿಸುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಡಬ್ಬಿಯ ಬೇಕ್ಡ್ ಬೀನ್ಸ್‌ನಲ್ಲಿ ಹಲವು ಬಾರಿ ಹಂದಿಮಾಂಸದ ತುಣುಕುಗಳಿರುತ್ತವೆ. ಆಲೂಗಡ್ಡೆ ಸಲಾಡಿಗೆ ಹಾಕುವ ಮೇಯನೇಸ್‌ನಲ್ಲಿ ಮೊಟ್ಟೆಯಿರುತ್ತದೆ. ನಿಮ್ಮ ಅತ್ತೆಯವರು ಸಂಕೋಚದಿಂದ ಏನನ್ನೂ ಕೇಳದೆ ತಿಂದು, ಆಮೇಲೆ ತಿಳಿದು ನೊಂದುಕೊಳ್ಳುವಂತಾಗಬಾರದು. ತಿನಿಸುಗಳ ಮುಂದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಗಳನ್ನು ಇಡಿ. ಮೂರು ಬಣ್ಣದ ಸಿಹಿ ಬೇಕೇ ಬೇಕೆಂದರೆ ಬಿಳಿಯ ಶ್ರೀಖಂಡದ ಮೇಲೆ ಸ್ಟ್ರಾಬೆರಿ ಮತ್ತು ಬ್ಲೂಬೆರಿಗಳನ್ನು ಜೋಡಿಸಿದರೆ ಸಾಕು.

ಮುಖ್ಯ ತಿನಿಸಾಗಿ ಮುಸುಕಿನ ಜೋಳವನ್ನು ಕೆಂಡದಲ್ಲಿ ಸುಟ್ಟು, ನಿಂಬೆಹೋಳಿನಿಂದ ಉಪ್ಪು-ಖಾರ ಉಜ್ಜಿ ಕೊಡಿ. ಬೆಣ್ಣೆಯನ್ನಷ್ಟೇ ಸವರಿ ತಿಂದು ಬೆಳೆದ ನೆರೆಯವರು ನಮ್ಮಲ್ಲಿಗೆ ಬಂದಾಗ ಈಗ ಅದನ್ನೇ ಹುಡುಕುತ್ತಾರೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಇಲ್ಲಿನ ಕೃಷಿ ಇಲಾಖೆಯ ಸೂಚನೆಯಂತೆ ಬೇಗ ಕೆಡುವ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಉಷ್ಣಾಂಶ 90 ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ಒಂದೇ ಗಂಟೆ. ಚಿತ್ರಾನ್ನವೂ ಇದಕ್ಕೆ ಹೊರತಲ್ಲ. "ಹುಳಿ ಹಾಕಿದೆ, ಕೆಡುವುದಿಲ್ಲ" ಎಂಬ ನಮ್ಮವರ ವಾದವನ್ನು ಆ ಒಂದು ದಿನ ಕೇಳಬೇಡಿ. ಮೊಸರನ್ನದ ಪಾತ್ರೆಯನ್ನು ಮಂಜುಗಡ್ಡೆ ತುಂಬಿದ ದೊಡ್ಡ ತಟ್ಟೆಯೊಳಗೆ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಹೊರಗೆ ತನ್ನಿ.

ಗಡಿಯಾಚೆಯ ಗೆಳೆಯ (ನ್ಯೂಹ್ಯಾಂಪ್‌ಶೈರ್):

ಪಟಾಕಿಯ ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ನಿಮ್ಮ ಮಸಾಚುಸೆಟ್ಸ್ ರಾಜ್ಯದಲ್ಲಿ ಖಾಸಗಿ ವ್ಯಕ್ತಿಗಳು ಯಾವ ಪಟಾಕಿಯನ್ನೂ ಹಚ್ಚುವಂತಿಲ್ಲ, ಸುರುಸುರುಬತ್ತಿಯನ್ನೂ ಸಹ. ನಮ್ಮ ರಾಜ್ಯದ ಗಡಿಯಂಗಡಿಗಳಲ್ಲಿ ಅದು ರಾಜಾರೋಷವಾಗಿ ಸಿಗುತ್ತದೆ, ಆದರೆ ಕೊಂಡು ಗಡಿ ದಾಟಿಸುವುದೂ ನಿಮ್ಮ ಕಡೆ ಅಪರಾಧವೇ. ಮಕ್ಕಳನ್ನು ಊರಿನವರು ಏರ್ಪಡಿಸುವ ಪ್ರದರ್ಶನಕ್ಕೆ ಕರೆದೊಯ್ಯಿರಿ; ಜನಜಂಗುಳಿಗೆ ಹೆದರದಿದ್ದರೆ ಬಾಸ್ಟನ್ನಿನ ಚಾರ್ಲ್ಸ್ ನದಿಯ ದಡಕ್ಕೇ ಹೋಗಬಹುದು. ಸೂರ್ಯ ಮುಳುಗುವಾಗಲೇ ಎಂಟೂವರೆಯ ಹತ್ತಿರವಾಗುವುದರಿಂದ, ಹಿರಿಯರು ಮಧ್ಯಾಹ್ನ ಒಂದು ನಿದ್ದೆ ಮಾಡಿಕೊಳ್ಳಲಿ. ನೆರೆಮನೆಯಲ್ಲಿ ನಾಯಿಯಿದ್ದರೆ ಕತ್ತಲಾಗುವ ಮುನ್ನ ಅದನ್ನು ಒಳಗೆ ಸೇರಿಸುವಂತೆ ನೆನಪಿಸಿ.

ನಿವೃತ್ತ ಇತಿಹಾಸದ ಮೇಷ್ಟ್ರು (ಮೇರಿಲ್ಯಾಂಡ್):

ಬಾವುಟದ ವಿಷಯಕ್ಕೆ ಬರುತ್ತೇನೆ. ಈ ದೇಶದ ಧ್ವಜಸಂಹಿತೆಯ ಪ್ರಕಾರ ಬಾವುಟವನ್ನು ಉಡುಪಾಗಿ, ಹೊದಿಕೆಯಾಗಿ, ತೋರಣವಾಗಿ ಬಳಸಬಾರದು. ಬಳಸಿ ಬಿಸಾಡುವ ಕಾಗದದ ಕರವಸ್ತ್ರದ ಮೇಲೆ ಅದನ್ನು ಮುದ್ರಿಸಲೂಬಾರದು. ಹಾಗೆ ಮಾಡಿದವರಿಗೆ ದಂಡವಿಲ್ಲದಿರುವುದರಿಂದ ಅಂಗಡಿಗಳು ಮಾರುತ್ತಲೇ ಇವೆ. ಅಲಂಕಾರಕ್ಕೆ ಬಾವುಟದ ಬದಲು ಮೂರು ಬಣ್ಣದ ಬಟ್ಟೆಪಟ್ಟಿಗಳನ್ನು ಕಟ್ಟಿ. ಮೇಲೆ ನೀಲಿ, ನಡುವೆ ಬಿಳಿ, ಕೆಳಗೆ ಕೆಂಪು ಎಂಬ ಕ್ರಮವನ್ನೂ ಸಂಹಿತೆಯೇ ಹೇಳಿದೆ. ತ್ರಿವರ್ಣವನ್ನು ಹಾರಿಸಲು ಅಡ್ಡಿಯಿಲ್ಲ. ಎರಡೂ ಬಾವುಟಗಳು ಬೇರೆ ಬೇರೆ ಕೋಲುಗಳ ಮೇಲೆ ಒಂದೇ ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ನೋಡುವವರ ಎಡಕ್ಕೆ ಅಮೆರಿಕದ್ದಿರಲಿ.

ಇನ್ನು ನಿಮ್ಮ ಮಾವನವರ ಪ್ರಶ್ನೆ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಅದೇ. ಸ್ವಾತಂತ್ರ್ಯ ಘೋಷಣೆಯನ್ನು ಬಾಸ್ಟನ್ನಿನ ಹಳೆಯ ಸ್ಟೇಟ್ ಹೌಸ್‌ನ ಮಹಡಿಯಿಂದ 1776ರ ಜುಲೈ 18ರಂದು ಜನರಿಗೆ ಓದಿ ಹೇಳಿದರು, ಇಂದಿಗೂ ಪ್ರತಿ ಜುಲೈ 4ರಂದು ಅಲ್ಲಿ ಓದುತ್ತಾರೆ. ನಿಮ್ಮ ಹಿತ್ತಲಲ್ಲೂ ಅದನ್ನು ಸರದಿಯಂತೆ ಓದಿಸಿ. ಇಡೀ ಪಠ್ಯಕ್ಕೆ ಹತ್ತು ನಿಮಿಷ ಸಾಕು. ಎಲ್ಲರಿಗೂ ನೆನಪಿರುವುದು ಅದರ ಆರಂಭದ ಸಾಲುಗಳಷ್ಟೇ, ಆದರೆ ಅದರ ಬಹುಭಾಗ ಬ್ರಿಟನ್ನಿನ ದೊರೆಯ ಮೇಲಿನ ದೂರುಗಳ ಪಟ್ಟಿ. ನಮ್ಮ ಒಪ್ಪಿಗೆಯಿಲ್ಲದೆ ತೆರಿಗೆ ಹೇರಿದ್ದೀರಿ ಎಂಬುದು ಅವುಗಳಲ್ಲೊಂದು.

ನಿಮ್ಮ ಮಾವನವರು ಶಿಕಾರಿಪುರದವರು ಎಂದಿರಿ. ಅದೇ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡ ಹಳ್ಳಿ. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತನ್ನು ಅವರು ಬಾಲ್ಯದಿಂದ ಕೇಳಿರುತ್ತಾರೆ. ಮುಂದಿನ ವರ್ಷ ಆ ಊರಿನ ಐವರು ಗಲ್ಲಿಗೇರಿದ್ದನ್ನೂ ಬಲ್ಲರು. ಘೋಷಣೆಯನ್ನು ಓದಿ ಮುಗಿಸಿದ ಕೂಡಲೇ ಅವರಿಗೆ ಕುರ್ಚಿ ಹಾಕಿ, ಆ ಕಥೆಯನ್ನು ಕನ್ನಡದಲ್ಲೇ ಹೇಳಿಸಿ. ಮೊಮ್ಮಕ್ಕಳು ನೆರೆಯವರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಲಿ.

ಒಂದು ಮಾತು ಸೇರಿಸುತ್ತೇನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಮಾತನಾಡುತ್ತಾ, ಗುಲಾಮನಿಗೆ ಈ ಹಬ್ಬ ಏನೆಂದು ಕೇಳಿದ್ದರು. ನಿಮ್ಮ ರಾಜ್ಯದ ಹಲವು ಊರುಗಳಲ್ಲಿ ಆ ಭಾಷಣವನ್ನೂ ಜನ ಒಟ್ಟಾಗಿ ಕುಳಿತು ಓದುವ ರೂಢಿಯಿದೆ. "ಅವರ ಹಬ್ಬ" ಎಂಬ ಸಂದೇಹ ನಿಮ್ಮ ಮಾವನವರೊಬ್ಬರದೇ ಅಲ್ಲವೆಂದು ಅವರಿಗೆ ತಿಳಿಸಿ.

ತುಂಗಾತೀರದವಳು:

ತಮ್ಮೆಲ್ಲರಿಗೂ ಕೃತಜ್ಞತೆಗಳು. ಕರವಸ್ತ್ರಗಳನ್ನು ಅಂಗಡಿಗೆ ಹಿಂದಿರುಗಿಸಿದ್ದೇನೆ, ಎದುರುಮನೆಯವರು ತಮ್ಮ ಗ್ರಿಲ್ಲನ್ನು ತರಲು ಸಂತೋಷದಿಂದ ಒಪ್ಪಿದ್ದಾರೆ. ಪಟಾಕಿಯ ಸುದ್ದಿ ಕೇಳಿ ಮಗ ಒಂದು ದಿನ ಮುನಿಸಿಕೊಂಡಿದ್ದ. ಮೇಷ್ಟ್ರ ಸಲಹೆಯನ್ನು ಮಾವನವರಿಗೆ ಓದಿ ಹೇಳಿದಾಗ ಅವರು ಏನೂ ಮಾತನಾಡದೆ ಎದ್ದು ಹೋದರು, ಬೇಸರವಾಯಿತೇನೋ ಎಂದುಕೊಂಡೆ. ಸಂಜೆ ನೋಡಿದರೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈಸೂರಿನ ಕಥೆಯಲ್ಲಿ ಬರುವ "ಅಮಲ್ದಾರ" (ಆಗಿನ ತಾಲ್ಲೂಕು ಅಧಿಕಾರಿ) ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ಚರ್ಚಿಸುತ್ತಿದ್ದರು. ಇನ್ನೂ ತೀರ್ಮಾನವಾಗಿಲ್ಲ, ತಮ್ಮಲ್ಲಿ ಯಾರಿಗಾದರೂ ಸರಿಯಾದ ಪದ ಹೊಳೆದರೆ ದಯವಿಟ್ಟು ತಿಳಿಸಿ.