ಸಾಲಿನಲ್ಲಿ ಮೊದಲು ನಿಂತವರಿಗೇ ಸೀಟಾ? ನಮ್ಮ ಮನೆ ಗ್ರೂಪಲ್ಲಿ ನಡೆದ ಚರ್ಚೆ

ಶ್ರೀಧರ ದೊಡ್ಡಪ್ಪ (ಫಾರ್ವರ್ಡ್): "ಸರ್ಕಾರಿ ಖರ್ಚಿನ ಶಿಶುವಿಹಾರಕ್ಕೆ ಹತ್ತು ತಿಂಗಳ ಹಿಂದೆಯೇ ಅರ್ಜಿ ಹಾಕಿ ಕಾಯುತ್ತಿದ್ದ ಮಗುವನ್ನು ಪಕ್ಕಕ್ಕೆ ತಳ್ಳಿ, ಹೋದ ವಾರ ಬಂದ ಮಗುವಿಗೆ ಸೀಟು!! ನಿಯತ್ತಾಗಿ ಸಾಲಿನಲ್ಲಿ ನಿಂತವರಿಗೆ ಬೆಲೆಯೇ ಇಲ್ಲವೇ? ಎಲ್ಲರಿಗೂ ತಲುಪಿಸಿ"

ಶ್ರೀಧರ ದೊಡ್ಡಪ್ಪ: ಎಲ್ರೂ ಓದಿ. ನಮ್ಮ ಸುಮಾ ಮಗೂಗೂ ಇದೇ ಆಗಿರೋದು. ಹೋದ ವರ್ಷದಿಂದ ಕಾಯ್ತಾ ಇದಾಳೆ ಪಾಪ. ಸಾಲು ಅಂದ್ಮೇಲೆ ಸಾಲು, ಮೊದಲು ಬಂದವರಿಗೆ ಮೊದಲು, ಇದಕ್ಕಿಂತ ನ್ಯಾಯ ಇನ್ನೇನಿದೆ

ಪ್ರವೀಣ: ನೂರಕ್ಕೆ ನೂರು ನಿಜ ದೊಡ್ಡಪ್ಪ. ಟ್ಯಾಕ್ಸ್ ಕಟ್ಟೋದು ನಾವು, ಕಾಯೋದೂ ನಾವೇ

ನಂದಿನಿ: ದೊಡ್ಡಪ್ಪ ಬೇಜಾರು ಮಾಡ್ಕೋಬೇಡಿ, ಈ ಮೆಸೇಜು ಅರ್ಧ ಕಥೆ ಮಾತ್ರ ಹೇಳ್ತಿದೆ. ನಾನು ಆರು ವರ್ಷ ಇಂಥದ್ದೇ ಒಂದು ಕಡೆ ಅಡ್ಮಿಷನ್ ಟೇಬಲ್ ಹಿಂದೆ ಕೂತಿದ್ದೆ, ಅದಕ್ಕೇ ಸುಮ್ನಿರೋಕಾಗ್ತಿಲ್ಲ. ಅರ್ಹತೆ ಬೇರೆ ಸೀಟು ಬೇರೆ. ಮಗು ಅರ್ಹ ಅಂತ ಆದ್ರೆ ಲಿಸ್ಟಿಗೆ ಸೇರತ್ತೆ ಅಷ್ಟೇ, ಲಿಸ್ಟಲ್ಲಿ ಯಾರ ಮುಂದೆ ಯಾರು ಅನ್ನೋದಕ್ಕೆ ಇನ್ನೊಂದು ಲೆಕ್ಕ ಇರತ್ತೆ, ತುಂಬಾ ಕಡೆ ಆ ಲೆಕ್ಕದಲ್ಲಿ ಅರ್ಜಿ ಹಾಕಿದ ತಾರೀಖು ಕೊನೇಲಿ ಬರತ್ತೆ

ಶ್ರೀಧರ ದೊಡ್ಡಪ್ಪ: ಅದೇ ತಪ್ಪು ಅಂತ ತಾನೇ ನಾನೂ ಹೇಳ್ತಿರೋದು

ನಂದಿನಿ: ಇಲ್ಲ ದೊಡ್ಡಪ್ಪ ಕೇಳಿ. ಮೊದಲು ಬರೋರು ಯಾರು? ಗರ್ಭಿಣಿ ಇರೋವಾಗ್ಲೇ ವಿಚಾರಿಸಿ ಫಾರ್ಮ್ ಯಾವ ತಿಂಗಳು ಕೊಡ್ತಾರೆ ಅಂತ ಗೊತ್ತಿರೋರು, ಆನ್‌ಲೈನ್ ಫಾರ್ಮ್ ತುಂಬೋಕೆ ಬರೋರು, ಕೆಲಸದ ಮಧ್ಯೆ ಅರ್ಧ ದಿನ ರಜಾ ಸಿಗೋರು. ಮನೆ ಖಾಲಿ ಮಾಡಿಸ್ಕೊಂಡು ಯಾರದೋ ಮನೇಲಿ ಮೂಲೇಲಿ ಮಲಗ್ತಿರೋ ತಾಯಿಗೆ ಹತ್ತು ತಿಂಗಳ ಮುಂಚೆ ಅರ್ಜಿ ಹಾಕೋಕೆ ಹೆಂಗಾಗತ್ತೆ, ಹತ್ತು ತಿಂಗಳ ಹಿಂದೆ ಅವಳಿಗೆ ಮನೆ ಇತ್ತು. ಜರ್ಮನಿಯಲ್ಲಿ 600ಕ್ಕೂ ಹೆಚ್ಚು ಕುಟುಂಬಗಳನ್ನ ಇಟ್ಕೊಂಡು ಇದನ್ನೇ ಪರೀಕ್ಷೆ ಮಾಡಿದಾರೆ, ಕೆಲವರಿಗೆ ಬರೀ ಮಾಹಿತಿ ಮತ್ತೆ ಅರ್ಜಿ ತುಂಬೋಕೆ ಸಹಾಯ ಕೊಟ್ರು, ಬೇರೆ ಏನೂ ಬದಲಾಯಿಸ್ಲಿಲ್ಲ, ಓದು ಕಮ್ಮಿ ಇರೋ ಮನೆಗಳಿಂದ ಅರ್ಜಿ ಎದ್ದು ಕಾಣೋಷ್ಟು ಜಾಸ್ತಿ ಆಯ್ತು. ಅಂದ್ರೆ ಅವರಿಗೆ ಬೇಡ ಅಂತ ಅಲ್ಲ, ದಾರಿ ಗೊತ್ತಿರ್ಲಿಲ್ಲ

ಮಾಲತಿ ಅತ್ತೆ: ಇದು ನಾನೂ ಕಣ್ಣಾರೆ ನೋಡಿದೀನಿ ಶ್ರೀಧರ. ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದೋಳು ನಾನು, ಯಾವ ಮಗುಗೆ ಜಾಸ್ತಿ ಬೇಕೋ ಆ ಮಗೂನೇ ಕೊನೇಗೆ ಬರ್ತಿತ್ತು

ಪ್ರವೀಣ: ಅತ್ತೆ ಹಂಗಾದ್ರೆ ನಮ್ಮಂಥೋರ ಕಥೆ ಏನು? ನಮ್ಮ ದೊಡ್ಡೋನ ಟೈಮಲ್ಲಿ ಆದಾಯ ಮಿತಿಗಿಂತ ಒಂದು ಚೂರು ಜಾಸ್ತಿ ಇತ್ತು ಅಂತ ವಾಪಸ್ ಕಳಿಸಿದ್ರು. ಅದೂ ಆ ತಿಂಗಳು ನಾನು ಓವರ್‌ಟೈಮ್ ಮಾಡಿದ್ದೆ, ಆ ಸ್ಲಿಪ್ಪೇ ಕೊಟ್ಟುಬಿಟ್ಟಿದ್ದೆ. ಎರಡು ವರ್ಷ ನಮ್ಮವಳು ಕೆಲಸ ಬಿಟ್ಟು ಮನೇಲಿದ್ಲು. ಗೆರೆ ಈ ಕಡೆ ಇದ್ರೆ ಎಲ್ಲಾ ಫ್ರೀ, ಆ ಕಡೆ ಒಂದು ಹೆಜ್ಜೆ ಇಟ್ರೆ ಏನೂ ಇಲ್ಲ, ಇದು ಯಾವ ನ್ಯಾಯ ನಂದಿನಿ

ನಂದಿನಿ: ಪ್ರವೀಣಣ್ಣ ಇದ್ರಲ್ಲಿ ನಾನು ನಿಮ್ಮ ಕಡೇನೇ. ನಿಮ್ಮ ಹತ್ರ ಒಂದೇ ತಿಂಗಳ ಸ್ಲಿಪ್ ತಗೊಂಡಿದ್ದೇ ತಪ್ಪು. ಅಮೆರಿಕದಲ್ಲಿ ಬಡ ಮನೆ ಮಕ್ಕಳಿಗೆ ಅಂತ ಸರ್ಕಾರದ ಖರ್ಚಲ್ಲಿ ನಡೆಯೋ ಹೆಡ್ ಸ್ಟಾರ್ಟ್ ಶಿಶುವಿಹಾರ ಯೋಜನೆ ಇದೆ, ಅದರ ನಿಯಮದಲ್ಲಿ ಹಿಂದಿನ 12 ತಿಂಗಳ ಆದಾಯ ಅಥವಾ ಹಿಂದಿನ ಕ್ಯಾಲೆಂಡರ್ ವರ್ಷದ ಆದಾಯ, ಎರಡರಲ್ಲಿ ಯಾವುದು ಮನೆಯ ಈಗಿನ ಸ್ಥಿತೀನ ಸರಿಯಾಗಿ ತೋರಿಸತ್ತೋ ಅದನ್ನ ನೋಡಿ ಅಂತ ಇದೆ. ಮತ್ತೆ ಒಂದ್ಸಲ ಅರ್ಹ ಅಂತ ಆದ್ರೆ ಆ ವರ್ಷ ಮತ್ತೆ ಮುಂದಿನ ವರ್ಷ ಮುಗಿಯೋವರೆಗೂ ಅರ್ಹತೆ ಇರತ್ತೆ, ಅಪ್ಪಂಗೆ ಮಧ್ಯದಲ್ಲಿ ಸಂಬಳ ಜಾಸ್ತಿ ಆಯ್ತು ಅಂತ ಮಗೂನ ಆಚೆ ಕಳಿಸಲ್ಲ. ಗೆರೆ ಎಳೆದ್ರೆ ಗೆರೆ ಹತ್ರ ಇರೋರಿಗೆ ಏಟು ಬಿದ್ದೇ ಬೀಳತ್ತೆ, ಆದ್ರೆ ಆ ಏಟು ಕಮ್ಮಿ ಮಾಡೋ ದಾರಿ ಇದೆ

ಶ್ರೀಧರ ದೊಡ್ಡಪ್ಪ: ಹೆಡ್ ಸ್ಟಾರ್ಟ್ ಅಂದ್ರೆ ಅದು ಅಮೆರಿಕದ ಅಧ್ಯಕ್ಷ ಜಾನ್ಸನ್ ಕಾಲದ್ದಲ್ವಾ

ನಂದಿನಿ: ಹೌದು ದೊಡ್ಡಪ್ಪ 1965. ಶುರುವಲ್ಲಿ ಬೇಸಿಗೆಯ ಎಂಟು ವಾರದ ಕಾರ್ಯಕ್ರಮ ಅಷ್ಟೇ ಆಗಿತ್ತು. ಮೂರು ವರ್ಷದ ಒಳಗಿನ ಮಕ್ಕಳಿಗೆ ಅಂತ ಬೇರೆ ಯೋಜನೆ ಬಂದಿದ್ದು 1994ರಲ್ಲಿ. ಈ ವಿಷಯದಲ್ಲಿ ನಿಯಮಗಳು ಇಷ್ಟು ಬಿಡಿಸಿ ಬರೆದಿರೋದು ನಾನು ಬೇರೆಲ್ಲೂ ನೋಡಿಲ್ಲ. ಬಡತನದ ರೇಖೆ ಒಳಗಿದ್ರೆ ಅರ್ಹ, ಮನೆ ಇಲ್ಲದ ಮಗು ಆಗಿದ್ರೆ ಅಥವಾ ಬೇರೆಯವರ ಆಶ್ರಯದಲ್ಲಿ ಸರ್ಕಾರ ಇಟ್ಟಿರೋ ಮಗು ಆಗಿದ್ರೆ ಆದಾಯ ನೋಡೋದೇ ಇಲ್ಲ. ಸೀಟಲ್ಲಿ ಕನಿಷ್ಠ 10 ಪರ್ಸೆಂಟ್ ಅಂಗವೈಕಲ್ಯ ಇರೋ ಮಕ್ಕಳಿಗೆ. ವೇಟಿಂಗ್ ಲಿಸ್ಟ್ ಪ್ರತಿ ವರ್ಷದ ಶುರುವಲ್ಲಿ ಹೊಸದಾಗಿ ಮಾಡಿ, ಮಗುವಿನ ಅಗತ್ಯ ನೋಡಿ ಕೊಡೋ ಅಂಕದ ಪ್ರಕಾರ ಮೇಲೆ ಕೆಳಗೆ ಇಡ್ಬೇಕು, ಆ ಅಂಕ ಯಾವುದಕ್ಕೆ ಎಷ್ಟು ಅಂತ ಮೊದಲೇ ತೀರ್ಮಾನ ಆಗಿರ್ಬೇಕು. ಸೀಟು ಖಾಲಿ ಆದ್ರೆ 30 ದಿನದೊಳಗೆ ತುಂಬ್ಬೇಕು. ಆ ಫಾರ್ವರ್ಡಲ್ಲಿ ಹೋದ ವಾರ ಬಂದ ಮಗು ಅಂತಿದೆಯಲ್ಲ, ಅದು ಇಂಥದ್ದೇ ಮಗು ಇದ್ದಿರಬಹುದು, ಬರೆದೋರು ಅದನ್ನ ಹೇಳೋಕೇ ಹೋಗಿಲ್ಲ

ಶ್ರೀಧರ ದೊಡ್ಡಪ್ಪ: ಇದ್ದಿರಬಹುದು ಅಂತ ನೀನು ಹೇಳ್ತೀಯ. ಯಾರದೋ ಶಿಫಾರಸಿಂದ ಬಂದ ಮಗುನೂ ಇದ್ದಿರಬಹುದಲ್ಲಮ್ಮ. ನನ್ನ ಸರ್ವೀಸಲ್ಲಿ ಎಷ್ಟು ನೋಡಿದೀನಿ, ಅಂಕ ಗಿಂಕ ಅಂತ ಇಟ್ರೆ ಅದನ್ನ ತಿದ್ದೋಕೆ ಜನ ಇರ್ತಾರೆ, ತಾರೀಖು ಮಾತ್ರ ತಿದ್ದೋಕಾಗಲ್ಲ. ಅದಕ್ಕೇ ಸಾಲು ಒಳ್ಳೇದು ಅನ್ನೋದು

ನಂದಿನಿ: ಇದು ಒಪ್ಪೋ ಮಾತು. ಅಂಕದ ಪಟ್ಟಿ ಗುಟ್ಟಾಗಿ ಇಟ್ರೆ ನೀವು ಹೇಳಿದ್ದು ನಡೆಯತ್ತೆ. ಬಾಗಿಲ ಮೇಲೆ ಅಂಟಿಸ್ಬೇಕು, ಕೇಳಿದೋರಿಗೆ ಅವರ ಮಗುವಿನ ಅಂಕ ಎಷ್ಟು ಯಾಕೆ ಅಂತ ಬರೆದು ಕೊಡ್ಬೇಕು. ನಾವು ಕೊಡ್ತಿದ್ವಿ

ಮಾಲತಿ ಅತ್ತೆ: ನಾನು ಬೇರೆ ತರ ಯೋಚನೆ ಮಾಡ್ತೀನಿ ಕಣೆ. ಈ ಅಂಕ ಮಿತಿ ಎಲ್ಲಾ ಯಾಕೆ, ಒಂದನೇ ಕ್ಲಾಸಿಗೆ ಆದಾಯ ಕೇಳ್ತಾರಾ? ಇಲ್ವಲ್ಲ. ಫಿನ್ಲೆಂಡಲ್ಲಿ 1996ರಿಂದ ಶಾಲೆ ಸೇರೋ ವಯಸ್ಸಿನ ಕೆಳಗಿರೋ ಎಲ್ಲಾ ಮಕ್ಕಳಿಗೂ ಶಿಶುವಿಹಾರದ ಜಾಗ ಹಕ್ಕು. ಮಧ್ಯದಲ್ಲಿ 2016ರಲ್ಲಿ ಅಪ್ಪನೋ ಅಮ್ಮನೋ ಮನೇಲಿದ್ರೆ ವಾರಕ್ಕೆ 20 ಗಂಟೆ ಮಾತ್ರ ಅಂತ ಕಡಿಮೆ ಮಾಡಿದ್ರು, ಆಮೇಲೆ 2020ರಲ್ಲಿ ಪೂರ್ತಿ ವಾಪಸ್ ಕೊಟ್ರು. ಸ್ವೀಡನ್ನಲ್ಲಿ ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ನಗರಸಭೆ ಜಾಗ ಕೊಡ್ಲೇಬೇಕು. ಲಿಸ್ಟ್ ಇರ್ಬಹುದು, ಆದ್ರೆ ಅದಕ್ಕೊಂದು ಕೊನೆ ಇದೆ

ಪ್ರವೀಣ: ಅವೆಲ್ಲ ಸಣ್ಣ ದೇಶ ಅತ್ತೆ

ಮಾಲತಿ ಅತ್ತೆ: ಜರ್ಮನಿ ಸಣ್ಣದೇನೋ? 2013 ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುಗೂ ಅಲ್ಲಿ ಕಾನೂನಿನ ಹಕ್ಕು. ಲೈಪ್‌ಜಿಗ್‌ನ ಮೂರು ಜನ ತಾಯಂದಿರು ಜಾಗ ಸಿಗದೆ ಕೆಲಸಕ್ಕೆ ಹೋಗೋಕಾಗದೆ ಸಂಬಳ ಕಳ್ಕೊಂಡ್ವಿ ಅಂತ ಕೋರ್ಟಿಗೆ ಹೋಗಿ, 2016ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಗರಸಭೆ ತಪ್ಪಿನಿಂದ ಜಾಗ ಸಿಗದೇ ಇದ್ರೆ ನಷ್ಟ ಕೇಳಬಹುದು ಅಂತ ಹೇಳ್ತು. ನಮ್ಮ ದೇಶದಲ್ಲೇ ನೋಡು, 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆರು ವರ್ಷದ ಒಳಗಿನ 40 ಮಕ್ಕಳು ಇದ್ದು ಅಂಗನವಾಡಿ ಇಲ್ಲದ ವಸತಿಯವರು ಕೇಳಿದ್ರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡ್ಬೇಕು ಅಂತ ಹೇಳಿದೆ. ಜಾಗ ಇಲ್ಲ ಕಾಯಿರಿ ಅನ್ನೋ ಬದಲು ಜನ ಇದಾರೆ ಜಾಗ ಮಾಡಿ ಅಂದಂಗೆ ಅದು

ನಂದಿನಿ: ಅತ್ತೆ ಇದು ನನಗೂ ಇಷ್ಟವಾದ ದಾರಿ. ಆದ್ರೆ ಹಕ್ಕು ಅಂತ ಬರೆದ ಮಾತ್ರಕ್ಕೆ ಕಟ್ಟಡ ಟೀಚರು ಬಂದ್ಬಿಡಲ್ಲ, ಜರ್ಮನಿಯಲ್ಲೂ ಜಾಗಕ್ಕೆ ಪರದಾಟ ನಿಂತಿಲ್ಲ, ಅಲ್ಲಿವರೆಗೂ ಲಿಸ್ಟ್ ಇದ್ದೇ ಇರತ್ತೆ, ಲಿಸ್ಟ್ ಇರೋವರೆಗೂ ಯಾರನ್ನ ಮುಂದೆ ಇಡ್ತೀವಿ ಅನ್ನೋ ಪ್ರಶ್ನೆ ತಪ್ಪಿದ್ದಲ್ಲ. ಇಂಗ್ಲೆಂಡ್ ನೋಡಿ, 2025ರ ಸೆಪ್ಟೆಂಬರಿಂದ ಒಂಬತ್ತು ತಿಂಗಳ ಮಗುವಿಂದಾನೇ ವಾರಕ್ಕೆ 30 ಗಂಟೆ ಸರ್ಕಾರದ ಖರ್ಚಲ್ಲಿ, ಆದ್ರೆ ಅದು ದುಡಿಯೋ ಅಪ್ಪ ಅಮ್ಮನ ಮಕ್ಕಳಿಗೆ. ಸಾಮಾನ್ಯವಾಗಿ ಇಬ್ರೂ ಕನಿಷ್ಠ ವೇತನದಲ್ಲಿ ವಾರಕ್ಕೆ 16 ಗಂಟೆ ದುಡಿದಷ್ಟಾದ್ರೂ ಸಂಪಾದಿಸ್ಬೇಕು, ಇಬ್ರಲ್ಲಿ ಒಬ್ರ ವರಮಾನ ವರ್ಷಕ್ಕೆ 1 ಲಕ್ಷ ಪೌಂಡ್ ದಾಟಿದ್ರೂ ಇಲ್ಲ. ಕೆಲಸ ಕಳ್ಕೊಂಡು ಮನೇಲಿ ಕೂತಿರೋ ತಾಯಿ ಮಗುಗೆ ಅಷ್ಟು ಗಂಟೆ ಇಲ್ಲ. ಅವಳು ಕೆಲಸ ಹುಡುಕೋದಾದ್ರೂ ಮಗೂನ ಎಲ್ಲಿ ಬಿಟ್ಟು? ಇದನ್ನ ಯೋಚನೆ ಮಾಡಿದ್ರೆ ನನಗೆ ಸಂಕಟ ಆಗತ್ತೆ

ಪ್ರವೀಣ: ನಂದಿನಿ ಒಂದು ಮಾತು ಕೇಳ್ತೀನಿ ಸಿಟ್ಟಾಗ್ಬೇಡ. ಇಷ್ಟೆಲ್ಲ ಕಾದು ಸೇರಿಸಿ ಲಾಭ ಏನಾದ್ರೂ ಇದ್ಯಾ? ಅಮೆರಿಕದ ಟೆನ್ನೆಸ್ಸೀ ರಾಜ್ಯದ ಸರ್ಕಾರಿ ಶಿಶುವಿಹಾರಗಳ ಸ್ಟಡಿ ನಾನೂ ಓದಿದೀನಿ. ಸುಮಾರು 3,000 ಮಕ್ಕಳು, ಲಾಟರಿ ಎತ್ತಿ ಸೇರಿಸಿದ್ದು, 2022ರಲ್ಲಿ ಬಂದ ರಿಸಲ್ಟ್ ಪ್ರಕಾರ ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ಸೀಟು ಸಿಕ್ಕ ಮಕ್ಕಳೇ ಹಿಂದೆ ಇದ್ರು

ನಂದಿನಿ: ಸಿಟ್ಟು ಯಾಕೆ ಪ್ರವೀಣಣ್ಣ, ಅದು ನಿಜಾನೇ, ಆ ಸ್ಟಡೀನ ಪಕ್ಕಕ್ಕೆ ತಳ್ಳೋಕಾಗಲ್ಲ. ಆದ್ರೆ ಬೋಸ್ಟನ್‌ದೂ ಓದಿ. ಅಲ್ಲೂ ಲಾಟರಿನೇ, 1997ರಿಂದ 2003ರವರೆಗೆ ಅರ್ಜಿ ಹಾಕಿದ 4,000ಕ್ಕೂ ಹೆಚ್ಚು ನಾಲ್ಕು ವರ್ಷದ ಮಕ್ಕಳು, ಪರೀಕ್ಷೆ ಅಂಕದಲ್ಲಿ ಏನೂ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಹೈಸ್ಕೂಲ್ ಮುಗಿದ ತಕ್ಷಣ ಕಾಲೇಜಿಗೆ ಸೇರಿದೋರು 8 ಪರ್ಸೆಂಟ್ ಪಾಯಿಂಟ್ ಜಾಸ್ತಿ. ಹಾಗಾಗಿ ಒಳಗೆ ಏನು ನಡೆಯತ್ತೆ ಅನ್ನೋದು ತುಂಬಾ ಮುಖ್ಯ, ಮೂರು ವರ್ಷದ ಮಗೂನ ಬೆಂಚ್ ಮೇಲೆ ಕೂರಿಸಿ ಅಕ್ಷರ ತಿದ್ದಿಸೋದೇ ಆದ್ರೆ ಸೇರಿಸದೇ ಇರೋದೇ ಮೇಲು

ಶ್ರೀಧರ ದೊಡ್ಡಪ್ಪ: ಹಂಗಾದ್ರೆ ಲಾಟರಿನೇ ಎತ್ತಲಿ ಬಿಡು. ಯಾರೂ ತಿದ್ದೋಕಾಗಲ್ಲ, ಮೊದಲೇ ಗೊತ್ತಿದ್ದೋರಿಗೆ ಅನುಕೂಲಾನೂ ಇಲ್ಲ, ನಿನ್ನ ಆಕ್ಷೇಪಾನೂ ಹೋಯ್ತು

ನಂದಿನಿ: ಒಂದೇ ಸ್ಥಿತೀಲಿ ಇರೋರ ನಡುವೆ ಲಾಟರಿ ಎತ್ತೋದು ಸರಿ ದೊಡ್ಡಪ್ಪ, ಸಾಲಿಗಿಂತ ನೂರು ಪಾಲು ವಾಸಿ. ಆದ್ರೆ ನಮ್ಮಲ್ಲಿಗೆ ಒಂದು ಮಗು ಬಂದಿತ್ತು, ನಾಲ್ಕು ವರ್ಷ, ಮಾತೇ ಆಡ್ತಿರ್ಲಿಲ್ಲ. ಕಿವಿ ಸರಿಯಾಗಿ ಕೇಳಿಸ್ತಿಲ್ಲ ಅಂತ ಗೊತ್ತಾಗಿದ್ದೇ ನಮ್ಮ ಟೀಚರ್ ನೋಡಿದ್ಮೇಲೆ. ಮನೇಲಿ ಮೂರು ಮಕ್ಕಳು, ತಾಯಿ ರಾತ್ರಿ ಪಾಳಿ, ಯಾರೂ ಗಮನಿಸಿರ್ಲಿಲ್ಲ. ಅದೇ ವಾರ ಲಿಸ್ಟಲ್ಲಿದ್ದ ಇನ್ನೊಂದು ಮಗುಗೆ ಮನೇಲಿ ಅಜ್ಜಿ ಇದ್ರು, ಕಥೆ ಹೇಳೋರಿದ್ರು, ಆ ಮಗು ಒಂಬತ್ತು ತಿಂಗಳು ಮುಂಚೆ ಅರ್ಜಿ ಹಾಕಿತ್ತು. ಇಬ್ರ ಚೀಟಿ ಒಂದೇ ಡಬ್ಬದಲ್ಲಿ ಹಾಕಿ ಅಂದ್ರೆ ನನ್ನ ಕೈಲಾಗಲ್ಲ. ಆ ಅಜ್ಜಿ ಬಂದು ನನ್ನ ಮೇಲೆ ಕೂಗಾಡಿದ್ರು, ನಾನು ತಲೆ ತಗ್ಗಿಸಿ ಕೇಳಿಸ್ಕೊಂಡೆ, ಅವರ ಕಡೆಯಿಂದ ಅವರದ್ದೂ ಸರಿನೇ. ಆದ್ರೂ ಇವತ್ತೂ ಅದೇ ತೀರ್ಮಾನ ತಗೋತೀನಿ

ಮಾಲತಿ ಅತ್ತೆ: ಒಳ್ಳೇ ಕೆಲಸ ಮಾಡ್ದೆ ಕಣೆ ತಾಯಿ

ಸುಮಾ: ಸಾರಿ ಈಗಷ್ಟೇ ನೋಡ್ದೆ, ಪಾಪು ಮಲಗಿಸ್ತಿದ್ದೆ. ದೊಡ್ಡಪ್ಪ ನನ್ನ ವಿಷಯ ಹಂಗಲ್ಲ, ನಮ್ಮ ಮುಂದೆ ಯಾರನ್ನೂ ಸೇರಿಸಿಲ್ಲ. ನಾನು ಹೋದ ತಿಂಗಳು ಹೋಗಿ ಕೇಳ್ದೆ. ನಮ್ಮ ಹೆಸರೇ ಲಿಸ್ಟಲ್ಲಿ ಇಲ್ಲ ಅಂದ್ರು

ಶ್ರೀಧರ ದೊಡ್ಡಪ್ಪ: ಏನು ಹಂಗಂದ್ರೆ??

ಸುಮಾ: ನನ್ನ ಹಳೇ ನಂಬರ್‌ಗೆ ಎರಡು ಸಲ ಫೋನ್ ಮಾಡಿದ್ರಂತೆ. ನಂಬರ್ ಚೇಂಜ್ ಆಗಿತ್ತಲ್ವಾ, ಅಲ್ಲಿ ಹೇಳ್ಬೇಕು ಅಂತ ನನಗೆ ಹೊಳೀಲೇ ಇಲ್ಲ. ಉತ್ತರ ಬರ್ಲಿಲ್ಲ ಅಂತ ತೆಗೆದು ಹಾಕಿದಾರೆ. ನಿಮ್ಮ ಹತ್ರ ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಇನ್ನೂ ಕಾಯ್ತಿದೀವಿ ಅಂತ ಹೇಳ್ತಾ ಬಂದೆ. ಅವನಿಗೆ ಮೂರೂವರೆ ಆಯ್ತು

ಪ್ರವೀಣ: ಇದ್ರಲ್ಲಿ ನಾಚಿಕೆ ಏನೇ ಸುಮಾ

ನಂದಿನಿ: ಸುಮಾ ನಿನ್ನ ತಪ್ಪಲ್ಲ ಇದು. ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಂಥದ್ದಕ್ಕೇ. ಎರಡು ಫೋನ್ ಕಾಲ್‌ಗೆ ಒಂದು ಮಗು ಹೆಸರು ಹೊಡೆದು ಹಾಕೋದಾ? ಒಂದು ಪತ್ರ ಹಾಕ್ಬೇಕಿತ್ತು, ಇಷ್ಟು ದಿನದೊಳಗೆ ಬರದಿದ್ರೆ ತೆಗೀತೀವಿ ಅಂತ ಬರೆದು ತಿಳಿಸ್ಬೇಕಿತ್ತು. ಮನೆ ಬದಲಾಯಿಸ್ತಾ ಇರೋರು, ರೀಚಾರ್ಜ್ ಮಾಡಿಸೋಕೆ ದುಡ್ಡಿಲ್ದೆ ನಂಬರ್ ಹೋಗೋರು, ಇವರೇ ಮೊದಲು ಉದುರಿ ಹೋಗೋದು ಲಿಸ್ಟಿಂದ, ಆಮೇಲೆ ಲಿಸ್ಟ್ ಚಿಕ್ಕದಾಯ್ತು ಅಂತ ಲೆಕ್ಕ ತೋರಿಸೋದು. ನಾನಿದ್ದ ಕಡೇನೂ ಮೊದಲ ವರ್ಷ ಹಿಂಗೇ ಮಾಡ್ತಿದ್ವಿ, ಆಮೇಲೆ ಜಗಳ ಆಡಿ ಎರಡನೇ ನಂಬರ್ ಒಂದು ಬರೆಸ್ಕೊಳ್ಳೋ ಹಾಗೆ ಮಾಡಿಸಿದ್ವಿ, ಅಜ್ಜಿದೋ ಪಕ್ಕದ ಮನೆಯವರದ್ದೋ

ಸುಮಾ: ಈಗ ಏನ್ ಮಾಡ್ಲಿ ಅಕ್ಕ? ಹೊಸದಾಗಿ ಹಾಕಿದ್ರೆ ಮತ್ತೆ ಕೊನೇಗೆ ಹೋಗ್ತೀವಲ್ಲ

ನಂದಿನಿ: ಹೊಸದಾಗಿ ಹಾಕ್ಬೇಡ ಈಗ್ಲೇ. ಮೊದಲು ಬರವಣಿಗೇಲಿ ಕೇಳು, ಹೆಸರು ಯಾವ ತಾರೀಖು ತೆಗೆದ್ರಿ ಯಾವ ನಿಯಮದ ಪ್ರಕಾರ ತೆಗೆದ್ರಿ, ಹಳೇ ತಾರೀಖಿನ ಜೊತೆ ವಾಪಸ್ ಸೇರಿಸಿ ಅಂತ. ಅವರ ಲಿಸ್ಟು ತಾರೀಖಿನ ಮೇಲೋ ಅಂಕದ ಮೇಲೋ ಅಂತಾನೂ ಕೇಳು, ಅಂಕ ಆದ್ರೆ ನಿನ್ನ ಅರ್ಜಿ ಹಾಕಿದ್ಮೇಲೆ ಮನೆ ಪರಿಸ್ಥಿತಿ ಬದಲಾಗಿದ್ಯಲ್ಲ, ಯಜಮಾನ್ರ ಕೆಲಸ ಹೋಗಿರೋದು ಅವರಿಗೆ ಗೊತ್ತೇ ಇಲ್ಲ, ಅದನ್ನ ಹೇಳಿದ್ರೆ ಅಂಕ ಮೇಲೆ ಹೋಗಬಹುದು. ಅವನ ಮಾತು ಸ್ವಲ್ಪ ತಡ ಅಂತ ಡಾಕ್ಟರ್ ಬರೆದು ಕೊಟ್ಟಿದ್ರಲ್ಲ ಆ ಚೀಟಿ ಮರೀದೆ ತಗೊಂಡ್ಹೋಗು. ಹುಟ್ಟಿದ ತಾರೀಖಿಂದು ಕಟ್‌ಆಫ್ ಯಾವಾಗ ಅಂತ ಕೇಳು, ಕೆಲವು ಕಡೆ ಒಂದು ದಿನ ಆಚೆ ಈಚೆ ಆದ್ರೂ ಪೂರ್ತಿ ವರ್ಷ ಹೋಗತ್ತೆ. ಮತ್ತೆ ಒಂದೇ ಕಡೆ ಹಾಕ್ಬೇಡ, ಎರಡು ಮೂರು ಕಡೆ ಹೆಸರು ಇರ್ಲಿ, ಅದು ತಪ್ಪಲ್ಲ. ಕೊಟ್ಟಿದ್ದಕ್ಕೆಲ್ಲ ಸೀಲ್ ಹಾಕಿಸ್ಕೊಂಡ ಕಾಪಿ ಇಟ್ಕೋ

ಸುಮಾ: ಇವ್ರ ಕೆಲಸ ಹೋಗಿದ್ದು ಗ್ರೂಪಲ್ಲಿ ಹೇಳಿರ್ಲಿಲ್ಲ ಅಕ್ಕ ನಾನು

ನಂದಿನಿ: ಅಯ್ಯೋ ಸುಮಾ ಕ್ಷಮಿಸು, ಎಲ್ರಿಗೂ ಗೊತ್ತು ಅಂದ್ಕೊಂಡೆ

ಮಾಲತಿ ಅತ್ತೆ: ಪರವಾಗಿಲ್ಲ ಮಗು, ನಾವೆಲ್ಲ ಇರೋದು ಯಾಕೆ

ಶ್ರೀಧರ ದೊಡ್ಡಪ್ಪ: ಸುಮಾ ನನಗೆ ಒಂದು ಮಾತು ಹೇಳ್ಬಾರದಿತ್ತಾ. ಇರ್ಲಿ ಬಿಡು. ಅವರು ಬಾಗಿಲು ಎಷ್ಟು ಗಂಟೆಗೆ ತೆಗೀತಾರೆ? ನಾಳೆ ನಾನೂ ಬರ್ತೀನಿ. ಅರ್ಜಿ ನಾನು ಬರೀತೀನಿ, ನಿಯಮದ ಪ್ರಕಾರ ಬರೆಯೋದು ನನಗೆ ಅಭ್ಯಾಸ ಇದೆ. ನಂದಿನಿ, ಮೇಲೆ ಹೇಳಿದ್ದನ್ನ ಒಂದೊಂದಾಗಿ ಬಿಡಿಸಿ ನನಗೆ ಬೇರೆ ಕಳಿಸಮ್ಮ, ಪ್ರಿಂಟ್ ತಗೋತೀನಿ. ಆ ಫಾರ್ವರ್ಡ್ ಡಿಲೀಟ್ ಮಾಡಿದೀನಿ, ಇನ್ನೆರಡು ಗ್ರೂಪಿಗೂ ಹಾಕಿದ್ದೆ, ಅಲ್ಲೂ ತೆಗೀತೀನಿ. ಸಾಲಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ಒಪ್ಪಿಲ್ಲ, ಅದು ಆಮೇಲೆ ಮಾತಾಡೋಣ

ಸುಮಾ: ಒಂಬತ್ತೂವರೆಗೆ ತೆಗೀತಾರೆ ದೊಡ್ಡಪ್ಪ. ಬರ್ತ್ ಸರ್ಟಿಫಿಕೇಟ್ ಅಮ್ಮನ ಹತ್ರ ಇದೆ, ಬೆಳಗ್ಗೆ ಅಲ್ಲಿ ಹೋಗಿ ತಗೊಂಡು ನಿಮ್ಮನ್ನ ಕರ್ಕೊಂಡು ಹೋಗ್ತೀನಿ

ಪ್ರವೀಣ: ಬೆಳಗ್ಗೆ ಕಾರ್ ನಾನು ತರ್ತೀನಿ ಸುಮಾ, ನೀನು ಪಾಪು ಎತ್ಕೊಂಡು ಎರಡು ಕಡೆ ಓಡಾಡ್ಬೇಡ