ಅಂಗಳಕ್ಕೆ ಕಲ್ಲು: 20 ಎಂ.ಎಂ. ಸಾಕಾ, 2 ಇಂಚು ಬೇಕಾ?

ಪ್ರಶ್ನೆ: ಕೋಲಾರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂದೆ ಕಾರು ನಿಲ್ಲಿಸುವ ಜಾಗ, ಪಕ್ಕದಲ್ಲಿ ಓಡಾಡುವ ದಾರಿ. ಎರಡಕ್ಕೂ ಗ್ರಾನೈಟ್ ಹಾಕಿಸಬೇಕು. ಅಂಗಡಿಯವರು 20 ಎಂ.ಎಂ. ಸಾಕು ಅನ್ನುತ್ತಾರೆ, ಮೇಸ್ತ್ರಿ 2 ಇಂಚು ಬೇಕೇ ಬೇಕು ಅನ್ನುತ್ತಾರೆ. ಹಾಕಿಸಿದವರು ಹೇಳಿ.

ಕೋಲಾರದಿಂದಲೇ: ಸರ್, ಮೊದಲು ಕಲ್ಲಿನ ಕೆಳಗೆ ಏನು ಹಾಕಿಸುತ್ತೀರಿ ಅಂತ ತೀರ್ಮಾನ ಮಾಡಿ. ಕಾಂಕ್ರೀಟ್ ಬೆಡ್ ಇದ್ದರೆ ಜನ ಓಡಾಡುವ ಕಡೆ 20 ಎಂ.ಎಂ. ಸಾಕು, ಕಾರು ಹತ್ತುವ ಕಡೆ 30ಕ್ಕಿಂತ ಕಡಿಮೆ ಬೇಡ. ಬರೀ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಮೇಲೆ ಕೂರಿಸುವುದಾದರೆ ದಾರಿಗೇ 40ರಿಂದ 50 ಬೇಕು, ಕಾರಿಗೆ 3 ಇಂಚಾದರೂ ಬೇಕು, ಅದೂ ಸಣ್ಣ ಸಣ್ಣ ತುಂಡು.

20ರ ಬದಲು 30 ಹಾಕಿದರೆ ಕಲ್ಲು ಮುರಿಯದೆ ತಾಳುವ ಭಾರ ಎರಡು ಪಟ್ಟು ದಾಟುತ್ತದೆ, 40ಕ್ಕೆ ನಾಲ್ಕು ಪಟ್ಟು. ಆದರೆ ತೂಕನೂ ನೋಡಬೇಕಲ್ವಾ? 2 ಅಡಿಗೆ 2 ಅಡಿ ಚಪ್ಪಡಿ, 20 ಎಂ.ಎಂ. ಆದರೆ 20 ಕೆ.ಜಿ. ಆಸುಪಾಸು, 2 ಇಂಚಾದರೆ 50 ಕೆ.ಜಿ.

ನಾನು ನೋಡಿದ ಅಂಗಳಗಳಲ್ಲಿ ಕಲ್ಲು ಒಡೆದಿರುವುದು ಹೆಚ್ಚಾಗಿ ಅಡಿ ಪೊಳ್ಳಾಗಿದ್ದರಿಂದ. ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಮುದ್ದೆ ಗಾರೆ ಇಟ್ಟು, ಮೇಲೆ ಕಲ್ಲು ಕೂರಿಸಿ ತಟ್ಟಿಬಿಡುತ್ತಾರೆ. ಹೊರಗಿನಿಂದ ಏನೂ ಗೊತ್ತಾಗಲ್ಲ. ಚಕ್ರ ಆ ಪೊಳ್ಳಿನ ಮೇಲೆ ಹತ್ತಿದಾಗ ಬಿರುಕು ಬಿಡುತ್ತದೆ. ಗಾರೆ ಪೂರ್ತಿ ಹರಡಿಸಿ. ಒಣಗಿದ ಮೇಲೆ ಪ್ರತಿ ಕಲ್ಲನ್ನೂ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಡೊಬ್ ಡೊಬ್ ಅಂದರೆ ಎತ್ತಿಸಿ ಮತ್ತೆ ಹಾಕಿಸಿ. ಬಾಕಿ ದುಡ್ಡು ಕೊಡುವ ಮುಂಚೆ ಈ ಕೆಲಸ ಮುಗಿಸಿ.

ಚಿಕ್ಕಬಳ್ಳಾಪುರದಿಂದ: ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಗೇಟ್ ಒಳಗೆ ಬರುತ್ತಾ? 5,000 ಲೀಟರ್ ಅಂದರೆ ನೀರೇ 5 ಟನ್, ಗಾಡಿ ತೂಕ ಬೇರೆ. ಆದಷ್ಟು ಹೊರಗೇ ನಿಲ್ಲಿಸಿ ನೆಲದೊಳಗಿನ ಸಂಪ್ ತೊಟ್ಟಿಗೆ ಪೈಪ್ ಎಳೆಯಿರಿ. ಒಳಗೆ ಬರಲೇಬೇಕು ಅಂದರೆ ಚಕ್ರ ಓಡುವ ಜಾಗಕ್ಕೆ ಮೇಸ್ತ್ರಿ ಹೇಳಿದ 2 ಇಂಚೇ ಸರಿ, ಕೆಳಗೆ ಕಂಬಿ ಹಾಕಿದ ಕಾಂಕ್ರೀಟ್ ಇರಲಿ. ಪಾಯದ ಪಕ್ಕ ತುಂಬಿದ ಮಣ್ಣಿಗೆ ನೀರು ಬಿಟ್ಟು ಚೆನ್ನಾಗಿ ದಮ್ಮಸ್ಸು ಮಾಡಿಸದಿದ್ದರೆ ಎಷ್ಟು ದಪ್ಪದ ಕಲ್ಲೂ ಕುಸಿಯುತ್ತದೆ.

ಶಿರಾದಿಂದ: ಅಂಗಡಿಯಲ್ಲಿ 20 ಅಂತ ಕೊಡುವುದು ಎಷ್ಟೋ ಸಲ 16, 18 ಇರುತ್ತದೆ. ಟೇಪ್ ಹಿಡಿದು ನಾಲ್ಕೂ ಅಂಚು ಅಳೆಯಿರಿ. ಕೈಯಲ್ಲಿ ಸೀಳಿದ ಚಪ್ಪಡಿಯಾದರೆ ತೆಳು ಇರುವ ಅಂಚನ್ನೇ ಲೆಕ್ಕಕ್ಕೆ ಹಿಡಿಯಿರಿ. ಪಾಲಿಶ್ ಬೇಡವೇ ಬೇಡ, ವಯಸ್ಸಾದವರಿದ್ದರೆ ಮಳೆಯಲ್ಲಿ ಜಾರುತ್ತಾರೆ. ಬೆಂಕಿ ಜ್ವಾಲೆ ಹಿಡಿದು ಮೇಲ್ಮೈ ತರಿತರಿ ಮಾಡಿದ ಫ್ಲೇಮ್ ಫಿನಿಶ್ ತಗೊಳ್ಳಿ.

ಪ್ರಶ್ನೆ ಕೇಳಿದವರು: ಟ್ಯಾಂಕರ್ ಒಳಗೆ ಬರಲ್ಲ. ಕಾರಿಗೆ 30, ದಾರಿಗೆ 20 ಅಂದರೆ ಮಟ್ಟ ಏರುಪೇರಾಗಲ್ವಾ?

ಕೋಲಾರದಿಂದಲೇ: ಆಗಲ್ಲ ಸರ್, 20ರ ಕಡೆ ಬೆಡ್ ಅನ್ನೇ 10 ಎಂ.ಎಂ. ಎತ್ತರಿಸಲು ಹೇಳಿ. ಬೆಡ್, ಗಾರೆ, ಕಲ್ಲು ಮೂರೂ ಸೇರಿಸಿ ಗೇಟಿನ ಕೆಳಗಿನಿಂದ ಲೆಕ್ಕ ಹಾಕಿಸಿ, ಇಲ್ಲದಿದ್ದರೆ ಗೇಟ್ ತಾಗುತ್ತದೆ. ನೀರು ಹರಿಯಲು 10 ಅಡಿಗೆ 2 ಇಂಚು ಇಳಿಜಾರು, ರಸ್ತೆ ಕಡೆಗೆ.