6 ಮಂದಿಯ ತಂಡ 19ಕ್ಕೆ ಬೆಳೆದ ಮೇಲೆ ಕೆಲಸ ನಿಧಾನವಾಗಿದೆ: ನಾವು ಎಡವಿದ್ದು ಎಲ್ಲಿ?

ಅರ್ಧವಿರಾಮ (ಪ್ರಶ್ನೆ)

ಸುಮಾರು ಮೂರು ವರ್ಷ ಹಳೆಯದಾದ ಸ್ಟಾರ್ಟಪ್ ಒಂದರಲ್ಲಿ ಎಂಜಿನಿಯರಿಂಗ್ ವಿಭಾಗದ ಹೊಣೆ ನನ್ನ ಮೇಲಿದೆ. ಮೊದಲ ಎರಡು ವರ್ಷ ನಾವು 6 ಮಂದಿ ಇದ್ದೆವು. ಯಾರು ಯಾವ ಕೆಲಸದಲ್ಲಿದ್ದಾರೆ ಎಂದು ಪ್ರತ್ಯೇಕವಾಗಿ ಕೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಬೆಳಿಗ್ಗೆ ಮಾತಿಗೆ ಬಂದ ಬದಲಾವಣೆ ಸಂಜೆಯೊಳಗೆ ಬಳಕೆದಾರರನ್ನು ತಲುಪಿರುತ್ತಿತ್ತು. ಬಂಡವಾಳ ಬಂದ ನಂತರ ಒಂಬತ್ತು ತಿಂಗಳಲ್ಲಿ 19 ಮಂದಿಯಾದೆವು. ದಿನಕ್ಕೆ ಎರಡು ಬಾರಿ ನಡೆಯುತ್ತಿದ್ದ ಡಿಪ್ಲಾಯ್ (ಹೊಸ ಕೋಡ್ ಅನ್ನು ಬಳಕೆದಾರರಿಗೆ ತಲುಪಿಸುವುದು) ಈಗ ವಾರಕ್ಕೊಮ್ಮೆ ನಡೆದರೆ ಅದೇ ಹೆಚ್ಚು. ಪುಲ್ ರಿಕ್ವೆಸ್ಟ್‌ಗಳು, ಅಂದರೆ ಕೋಡ್ ಬದಲಾವಣೆಗೆ ಒಪ್ಪಿಗೆ ಕೇಳುವ ವಿನಂತಿಗಳು, ಮೂರು ನಾಲ್ಕು ದಿನ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ, ಏಕೆಂದರೆ ಹಳೆಯ ಕೋಡ್‌ನ ಒಳಹೊರಗು ಬಲ್ಲ ಇಬ್ಬರು ನೋಡಿ ಒಪ್ಪದೆ ಯಾವುದೂ ಮುಂದೆ ಹೋಗುವುದಿಲ್ಲ. ಹತ್ತು ನಿಮಿಷದ ಸ್ಟ್ಯಾಂಡ್‌ಅಪ್ (ದಿನನಿತ್ಯದ ಕಿರುಸಭೆ) ನಲವತ್ತು ನಿಮಿಷಕ್ಕೆ ಹಿಗ್ಗಿದೆ.

ನಾಲ್ಕು ತಿಂಗಳ ಹಿಂದೆ ಎಲ್ಲರನ್ನೂ ಫ್ರಂಟ್‌ಎಂಡ್ (ಬಳಕೆದಾರರಿಗೆ ಕಾಣುವ ಭಾಗ), ಬ್ಯಾಕ್‌ಎಂಡ್ (ಹಿಂದಿನ ಸರ್ವರ್ ಭಾಗ), ಟೆಸ್ಟಿಂಗ್ ಎಂದು ಮೂರು ತಂಡಗಳಾಗಿ ಹಂಚಿದೆ. ಆಮೇಲೆ ಸ್ಥಿತಿ ಇನ್ನಷ್ಟು ಬಿಗಡಾಯಿಸಿತು: ಒಂದು ಸಣ್ಣ ಫೀಚರ್ ಕೂಡ ಮೂರು ತಂಡಗಳ ಸರದಿಯಲ್ಲಿ ನಿಂತು ಬರಬೇಕಾಗಿದೆ. ಇಷ್ಟರ ಮೇಲೆ, ನಮ್ಮ ಸಂಸ್ಥಾಪಕರು ಪ್ರತಿ ಸಭೆಯಲ್ಲೂ ಕೇಳುವುದು ಒಂದೇ ಪ್ರಶ್ನೆ: "ಇನ್ನೂ ಎಷ್ಟು ಜನ ಬೇಕು?"

ತಂಡವನ್ನು ಯಾವ ಗೆರೆಯ ಮೇಲೆ ಭಾಗ ಮಾಡಬೇಕು, ಎಂಜಿನಿಯರಿಂಗ್ ಮ್ಯಾನೇಜರನ್ನು ಹೊರಗಿನಿಂದ ತರಬೇಕೋ ಒಳಗಿನವರನ್ನೇ ಆರಿಸಬೇಕೋ, ನಾನು ಕೋಡ್ ಬರೆಯುವುದನ್ನು ಬಿಡಬೇಕೋ ಬೇಡವೋ, ಈ ಮೂರು ವಿಷಯಗಳಲ್ಲಿ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೇ ಕೀಬೋರ್ಡ್

ಅರ್ಧವಿರಾಮ ಅವರೇ, ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಆರು ಜನರಲ್ಲಿ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು 15. ಹತ್ತೊಂಬತ್ತು ಜನರಲ್ಲಿ ಅವು 171. ಜನ ಮೂರು ಪಟ್ಟಾದರೆ ಮಾತಿನ ದಾರಿಗಳು ಹನ್ನೊಂದು ಪಟ್ಟಿಗೂ ಹೆಚ್ಚಾದವು. "ಹತ್ತು ಜನ ಸೇರಿದಲ್ಲಿ ಹಾವು ಸಾಯದು" ಎಂದು ನಮ್ಮ ಹಿರಿಯರು ಯಾವ ಸೂತ್ರವೂ ಇಲ್ಲದೆ ಹೇಳಿದ್ದನ್ನೇ, ಐಬಿಎಂನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಲೆಕ್ಕಸಹಿತ ಹೇಳಿದರು: ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕಲಿಸಲು ಹಳಬರೇ ಕೆಲಸ ಬಿಟ್ಟು ಕೂರಬೇಕು, ಮಾತುಕತೆಯ ಹೊರೆ ಹೆಚ್ಚುತ್ತದೆ, ಕೆಲವು ಕೆಲಸಗಳನ್ನಂತೂ ಹಂಚಲು ಬರುವುದೇ ಇಲ್ಲ ಎಂಬುವು ಅವರು ಕೊಟ್ಟ ಕಾರಣಗಳು. ಆದರೆ ಈ ಮಾತನ್ನು ಜನ ಎಲ್ಲೆಂದರಲ್ಲಿ ಉದ್ಧರಿಸುವುದರಿಂದ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಬ್ರೂಕ್ಸ್ ಹೇಳಿದ್ದು ಗಡುವು ಮೀರಿದ ಯೋಜನೆಯ ಬಗ್ಗೆ. ನಿಮ್ಮದು ವರ್ಷಗಟ್ಟಲೆ ನಡೆಯಬೇಕಾದ ಉತ್ಪನ್ನ; ಹೊಸಬರಿಗಾಗಿ ಈಗ ತೆತ್ತ ಸಮಯ ಮುಂದೆ ಮರಳಿ ಬರುತ್ತದೆ, ಅವರಿಗೆ ಸ್ವಂತವಾಗಿ ನಿರ್ಧಾರ ತೆಗೆದುಕೊಳ್ಳುವ ಜಾಗ ಸಿಕ್ಕರೆ ಮಾತ್ರ. ನಿಮ್ಮ ವಿವರಣೆಯನ್ನು ಓದಿದರೆ ಆ ಜಾಗವನ್ನು ಇಬ್ಬರೇ ತುಂಬಿಕೊಂಡಿರುವಂತೆ ಕಾಣುತ್ತದೆ.

ಇನ್ನು ವಿಭಜನೆಯ ವಿಷಯ. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆಯ ರಚನೆಯು ಆ ಸಂಸ್ಥೆಯೊಳಗಿನ ಸಂವಹನದ ರಚನೆಯನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದಿದ್ದರು. ನೀವು ತಂಡವನ್ನು ಕೌಶಲದ ಆಧಾರದಲ್ಲಿ ಸೀಳಿದಿರಿ. ಬಳಕೆದಾರರಿಗೆ ಬೇಕಾದ ಕೆಲಸ ಮಾತ್ರ ಎಂದೂ ಕೌಶಲದ ಗೆರೆಯಲ್ಲಿ ಬರುವುದಿಲ್ಲ, ಅದು ಮೂರನ್ನೂ ಅಡ್ಡ ಹಾಯ್ದೇ ಬರುತ್ತದೆ. ಆದ್ದರಿಂದ ಪ್ರತಿ ಕೆಲಸವೂ ಎರಡು ಬಾರಿ ಕೈಬದಲಾಗುತ್ತದೆ, ಕೈಬದಲಾದ ಕಡೆಯಲ್ಲೆಲ್ಲ ಸರದಿ ಹುಟ್ಟುತ್ತದೆ. ಪಾವತಿ, ಹೊಸ ಗ್ರಾಹಕರ ನೋಂದಣಿ, ವರದಿಗಳು ಎಂಬಂತೆ ಉತ್ಪನ್ನದ ಭಾಗಗಳ ಮೇಲೆ ತಂಡಗಳನ್ನು ಕಟ್ಟಿ, ಪ್ರತಿ ತಂಡದೊಳಗೂ ಫ್ರಂಟ್‌ಎಂಡ್, ಬ್ಯಾಕ್‌ಎಂಡ್, ಟೆಸ್ಟಿಂಗ್ ಮೂರೂ ಬಲ್ಲವರು ಇರುವಂತೆ ನೋಡಿಕೊಳ್ಳಿ. 6, 6, 7 ಎಂದು ಹಂಚಿದರೆ ತಂಡಗಳ ಒಳಗಿನ ಜೋಡಿಗಳು ಒಟ್ಟು 51 ಮಾತ್ರ.

ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಸಭೆಯಲ್ಲಿ ಕುಳಿತು ಊಹಿಸಬೇಡಿ, ಗಿಟ್ ಇತಿಹಾಸವನ್ನು (ಕೋಡ್‌ನ ಪ್ರತಿ ಬದಲಾವಣೆಯ ದಾಖಲೆಯನ್ನು) ಕೇಳಿ. ಕಳೆದ ಮೂರು ತಿಂಗಳಲ್ಲಿ ವಿಲೀನವಾದ ಬದಲಾವಣೆಗಳನ್ನು ತೆಗೆದು, ಯಾವ ಫೋಲ್ಡರ್‌ಗಳು ಒಂದೇ ಬದಲಾವಣೆಯಲ್ಲಿ ಜೊತೆಜೊತೆಯಾಗಿ ಕಾಣಿಸಿಕೊಂಡಿವೆ ಎಂದು ಎಣಿಸಿ. ಸದಾ ಒಟ್ಟಿಗೆ ಬದಲಾಗುವ ಭಾಗಗಳನ್ನು ಎರಡು ತಂಡಗಳಿಗೆ ಹಂಚಿದರೆ, ಆ ಎರಡು ತಂಡಗಳು ಜೀವನಪೂರ್ತಿ ಸಭೆ ನಡೆಸುತ್ತಲೇ ಇರಬೇಕಾಗುತ್ತದೆ.

ತಂಡ ತೀರ ಚಿಕ್ಕದಾಗುವುದೂ ಬೇಡ. ಇದಕ್ಕೆ ನಾನು ಕೊಡುವ ಕಾರಣ ತುಂಬ ಲೌಕಿಕವಾದದ್ದು: ನಾಲ್ಕೇ ಜನರ ತಂಡ ತನ್ನ ಭಾಗದ ಆನ್-ಕಾಲ್ ಹೊಣೆಯನ್ನು (ವ್ಯವಸ್ಥೆ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡುವ ಸರದಿಯನ್ನು) ತಾನೇ ಹೊತ್ತರೆ, ಪ್ರತಿಯೊಬ್ಬರೂ ನಾಲ್ಕು ವಾರಕ್ಕೊಮ್ಮೆ ರಾತ್ರಿಯ ನಿದ್ದೆಯನ್ನು ಪಣಕ್ಕಿಡಬೇಕು, ಒಬ್ಬರು ರಜೆ ಹಾಕಿದರೆ ಮೂರು ವಾರಕ್ಕೊಮ್ಮೆ. ಆರು ಜನರಿದ್ದರೆ ಅದು ಸಹನೀಯವಾಗುತ್ತದೆ.

ತಂಡ ಒಡೆದ ಕೂಡಲೇ ಕೋಡ್ ಅನ್ನೂ ಮೈಕ್ರೋಸರ್ವಿಸ್‌ಗಳಾಗಿ (ಬೇರೆ ಬೇರೆಯಾಗಿ ನಡೆಯುವ ಸಣ್ಣ ಸೇವೆಗಳಾಗಿ) ಒಡೆಯಬೇಕೆಂದು ಯಾರಾದರೂ ಹೇಳಿದರೆ ತಾಳ್ಮೆಯಿಂದ ಕೇಳಿ ಸುಮ್ಮನಾಗಿ. ಒಂದೇ ಮೊನೊಲಿತ್‌ನೊಳಗೆ (ಎಲ್ಲ ಕೋಡ್ ಒಟ್ಟಿಗಿರುವ ಒಂದೇ ಪ್ರೋಗ್ರಾಂನೊಳಗೆ) ಮಾಡ್ಯೂಲ್‌ಗಳ ಗಡಿ ಸ್ಪಷ್ಟವಾಗಿದ್ದು, ಒಂದು ಮಾಡ್ಯೂಲ್ ಇನ್ನೊಂದರ ಡೇಟಾಬೇಸ್ ಟೇಬಲ್‌ಗಳನ್ನು ನೇರವಾಗಿ ಮುಟ್ಟದಂತೆ ತಡೆದರೆ 19 ಜನರಿಗೆ ಧಾರಾಳವಾಗಿ ಸಾಕಾಗುತ್ತದೆ. ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡವೇ ತನ್ನ ವಿಡಿಯೊ ಗುಣಮಟ್ಟ ನಿಗಾ ವ್ಯವಸ್ಥೆಯನ್ನು ಬಿಡಿ ಬಿಡಿ ಘಟಕಗಳಿಂದ ಒಂದೇ ಪ್ರಕ್ರಿಯೆಯೊಳಗೆ ತಂದು ಅದರ ವೆಚ್ಚವನ್ನು ಶೇ. 90ರಷ್ಟು ತಗ್ಗಿಸಿದ್ದಾಗಿ 2023ರಲ್ಲಿ ಬರೆದುಕೊಂಡಿತ್ತು.

ಬಿಲ್ಡ್ ಒಡೆದವಳು

ಮೇಲಿನವರು ವಿಭಜನೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಇಬ್ಬರ ಒಪ್ಪಿಗೆಯ ಗಂಟನ್ನು ಬಿಡಿಸದೆ ತಂಡ ಹಂಚಿದರೆ ಮೂರು ತಂಡಗಳೂ ಅದೇ ಇಬ್ಬರ ಬಾಗಿಲಲ್ಲಿ ನಿಲ್ಲುತ್ತವೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಹಾಗೆಯೇ ಆಗಿತ್ತು, ಮತ್ತು ಸಂಕೋಚದಿಂದಲೇ ಹೇಳುತ್ತೇನೆ, ಅಲ್ಲಿ ಆ ಇಬ್ಬರಲ್ಲಿ ನಾನೂ ಒಬ್ಬಳಾಗಿದ್ದೆ. ಎಲ್ಲರೂ ನನ್ನನ್ನೇ ಕೇಳಬೇಕೆಂಬುದು ಹೊರೆ ಎಂದು ಬಾಯಲ್ಲಿ ದೂರುತ್ತಿದ್ದೆ, ಒಳಗೊಳಗೆ ಅದು ಹಿತವಾಗಿಯೇ ಇತ್ತು. ನಿಮ್ಮ ಇಬ್ಬರಿಗೂ ಹಾಗೆ ಅನಿಸುತ್ತಿರಬಹುದು. ಅವರನ್ನು ಅಡ್ಡಿ ಎಂದು ಕರೆಯುವ ಮೊದಲು ಇದನ್ನು ನೆನಪಿಡಿ.

ನಾವು ಮಾಡಿದ್ದೇನೆಂದರೆ, ಪ್ರತಿ ಮಾಡ್ಯೂಲ್‌ಗೂ ಇಬ್ಬರು ಹೊಸ ಒಡೆಯರನ್ನು ಹೆಸರಿಸಿ, ಒಂದು ತಿಂಗಳು ನಾವಿಬ್ಬರು ಹಳಬರು ಯಾವ ಪುಲ್ ರಿಕ್ವೆಸ್ಟನ್ನೂ ಒಪ್ಪುವಂತಿಲ್ಲ, ಕೇಳಿದರೆ ಸಲಹೆ ಮಾತ್ರ ಕೊಡಬಹುದು ಎಂದು ಕಟ್ಟು ಹಾಕಿಕೊಂಡೆವು. ಎರಡನೆಯ ವಾರದಲ್ಲೇ ಪೆಟ್ಟು ಬಿತ್ತು. ಹೊಸಬರೊಬ್ಬರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ದೊಡ್ಡದೊಂದು ಟೇಬಲ್‌ಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಸೇರಿಸುವ ಮೈಗ್ರೇಶನ್ (ಡೇಟಾಬೇಸ್ ಬದಲಿಸುವ ಕೋಡ್) ಬರೆದರು, ಇನ್ನೊಬ್ಬ ಹೊಸಬರು ಒಪ್ಪಿದರು. ಬರೆಯುವ ಕೆಲಸವನ್ನು ತಡೆಯದೆ ಇಂಡೆಕ್ಸ್ ಕಟ್ಟು ಎಂದು ಹೇಳುವ ಕನ್‌ಕರೆಂಟ್ಲಿ ಎಂಬ ಪದ ಬಿಟ್ಟುಹೋಗಿತ್ತು. ಇಂಡೆಕ್ಸ್ ಕಟ್ಟಿ ಮುಗಿಯುವವರೆಗೂ ಆ ಟೇಬಲ್‌ಗೆ ಬರೆಯುವ ಕೆಲಸವೆಲ್ಲ ನಿಂತುಹೋಯಿತು. "ನಾವು ನೋಡಿದ್ದರೆ ಹೀಗಾಗುತ್ತಿರಲಿಲ್ಲ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಯಾರ ತಪ್ಪು ಎಂದು ಹುಡುಕದ ಪೋಸ್ಟ್‌ಮಾರ್ಟಮ್ ನಡೆಸಿದೆವು. ಆಗ ಹೊರಬಿದ್ದ ಸಂಗತಿ ಏನೆಂದರೆ, ಈ ನಿಯಮ ನಮ್ಮಿಬ್ಬರ ತಲೆಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ. ಅದೇ ದಿನ ಅಂಥ ಮೈಗ್ರೇಶನ್‌ಗಳನ್ನು ತಡೆಯುವ ತಪಾಸಣೆಯೊಂದನ್ನು ಸಿಐ ಪೈಪ್‌ಲೈನ್‌ಗೆ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ವ್ಯವಸ್ಥೆಗೆ) ಸೇರಿಸಿದೆವು. ತಿಂಗಳ ಕೊನೆಗೆ ಅಂಥ ಒಂಬತ್ತು ತಪಾಸಣೆಗಳು ಸೇರಿದ್ದವು, ಮತ್ತು ನಾನು ಮೊದಲ ಬಾರಿಗೆ ಲ್ಯಾಪ್‌ಟಾಪ್ ಇಲ್ಲದೆ ರಜೆಗೆ ಹೋದೆ.

ಬಾಯಿಮಾತಿನ ತೀರ್ಮಾನಗಳನ್ನೂ ಬರೆದಿಡಿ. ಏನನ್ನು ಆರಿಸಿದೆವು, ಏನನ್ನು ಕೈಬಿಟ್ಟೆವು, ಆಗ ನಮಗೆ ಏನು ಗೊತ್ತಿತ್ತು ಎಂಬ ಒಂದು ಪುಟದ ಟಿಪ್ಪಣಿ ಕೋಡ್‌ನ ಜೊತೆಯಲ್ಲೇ ಇದ್ದರೆ ಸಾಕು. ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು "ಇದು ಹೀಗೇಕಿದೆ" ಎಂಬುದೇ ಆಗಿರುತ್ತದೆ, "ಇದು ಹೇಗೆ ಕೆಲಸ ಮಾಡುತ್ತದೆ" ಎಂಬುದಕ್ಕೆ ಕೋಡ್ ತಾನೇ ಉತ್ತರ ಕೊಡುತ್ತದೆ.

ನಿಶ್ಶಬ್ದ ಸರ್ವರ್

ಎಲ್ಲರೂ 19 ಜನರನ್ನು ಹೇಗೆ ಜೋಡಿಸಬೇಕೆಂದು ಹೇಳುತ್ತಿದ್ದಾರೆ; 19 ಜನ ಏಕೆ ಬೇಕಾಗಿತ್ತು ಎಂದು ಯಾರೂ ಕೇಳಲಿಲ್ಲ. 2012ರಲ್ಲಿ ಫೇಸ್‌ಬುಕ್ ಕೊಂಡಾಗ ಇನ್‌ಸ್ಟಾಗ್ರಾಮ್‌ನಲ್ಲಿದ್ದವರು 13 ಮಂದಿ. 2014ರಲ್ಲಿ ವಾಟ್ಸ್ಆ್ಯಪ್ ಮಾರಾಟವಾದಾಗ ಅದರ ಬಳಕೆದಾರರು 45 ಕೋಟಿ, ಉದ್ಯೋಗಿಗಳು 55. ಅವರ ಉತ್ಪನ್ನದ ಹರವು ಕಿರಿದಾಗಿತ್ತು, ಎಲ್ಲರಿಗೂ ಅದು ಅನ್ವಯಿಸದು ಎಂಬ ಆಕ್ಷೇಪ ಸರಿಯೇ. ಆದರೆ ಹರವನ್ನು ಕಿರಿದಾಗಿ ಇಟ್ಟುಕೊಂಡದ್ದೂ ಅವರ ಒಂದು ನಿರ್ಧಾರವೇ ಅಲ್ಲವೇ? ಬಂಡವಾಳ ಬಂದಾಗ ಜನರನ್ನು ಸೇರಿಸುವುದು ಬೆಳವಣಿಗೆಯ ಲಕ್ಷಣವೆಂದು ಹೂಡಿಕೆದಾರರಿಗೂ ಸಂಸ್ಥಾಪಕರಿಗೂ ಅನಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಣಕ್ಕೆ ಮಾತ್ರವಲ್ಲ, ಹೊಸಬರನ್ನು ಅರಗಿಸಿಕೊಳ್ಳುವ ಶಕ್ತಿಗೂ ಸಲ್ಲುತ್ತದೆ. ಒಬ್ಬ ಹಳಬರು ಒಂದು ಹೊತ್ತಿಗೆ ಒಬ್ಬ ಹೊಸಬರನ್ನು ಮಾತ್ರ ಸರಿಯಾಗಿ ತಯಾರು ಮಾಡಬಲ್ಲರು. ನೀವು ಆರು ಜನ ಹದಿಮೂರು ಜನರನ್ನು ಒಂಬತ್ತೇ ತಿಂಗಳಲ್ಲಿ ಕರೆದುಕೊಂಡಿದ್ದೀರಿ.

ನನ್ನ ಸಲಹೆ, ಆರು ತಿಂಗಳು ನೇಮಕಾತಿಯನ್ನು ನಿಲ್ಲಿಸಿ. ಮತ್ತೆ ಆರಂಭಿಸುವಾಗ ಸಂದರ್ಶನದ ಕ್ರಮವನ್ನು ಸರಿಪಡಿಸಿಕೊಳ್ಳಿ: ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು, ನಿಮ್ಮ ನಿತ್ಯದ ಕೆಲಸವನ್ನು ಹೋಲುವ ಒಂದು ಅಭ್ಯಾಸ, ಪರಸ್ಪರ ಚರ್ಚಿಸುವ ಮೊದಲೇ ಪ್ರತಿಯೊಬ್ಬ ಸಂದರ್ಶಕರೂ ಬರೆದಿಡುವ ಅಂಕ. ಮೊದಲೇ ಮಾತಾಡಿಕೊಂಡರೆ ಕೋಣೆಯಲ್ಲಿ ಹಿರಿಯರು ಯಾರೋ ಅವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗಿಬಿಡುತ್ತದೆ.

ಅರ್ಧವಿರಾಮ

ಎಲ್ಲರಿಗೂ ಧನ್ಯವಾದಗಳು. ನೇಮಕಾತಿ ನಿಲ್ಲಿಸುವ ಮಾತನ್ನು ಸಂಸ್ಥಾಪಕರ ಮುಂದೆ ಇಡಲು ಇನ್ನೂ ಧೈರ್ಯ ಸಾಲುತ್ತಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಗಿಟ್ ಇತಿಹಾಸವನ್ನು ಮಾತ್ರ ನಿನ್ನೆ ರಾತ್ರಿಯೇ ಎಣಿಸಿದೆ. ನಾಲ್ಕು ಗುಂಪುಗಳು ಕಾಣುತ್ತವೆ. ಎರಡು ಬಿಡಿಯಾಗಿವೆ, ಉಳಿದ ಎರಡು, ಅಂದರೆ ಬಿಲ್ಲಿಂಗ್ ಮತ್ತು ಗ್ರಾಹಕರ ಖಾತೆಗಳ ಭಾಗ, ಒಂದಕ್ಕೊಂದು ಹೆಣೆದುಕೊಂಡಿವೆ. ಇವನ್ನು ಮೊದಲು ಬೇರ್ಪಡಿಸಿ ಆಮೇಲೆ ತಂಡ ಹಂಚಬೇಕೇ? ಮ್ಯಾನೇಜರ್ ವಿಷಯವೂ ಉಳಿದಿದೆ. ನಮ್ಮಲ್ಲಿ ಅತ್ಯಂತ ಸಮರ್ಥ ಪ್ರೋಗ್ರಾಮರ್ ಒಬ್ಬರಿದ್ದಾರೆ. ಅವರನ್ನೇ ಮಾಡೋಣ ಎಂದು ಎಲ್ಲರೂ ಹೇಳುತ್ತಾರೆ, ಅವರ ಹೊರತು.

ಹಳೇ ಕೀಬೋರ್ಡ್

ಕೊನೆಯ ವಾಕ್ಯದಲ್ಲೇ ನಿಮಗೆ ಉತ್ತರ ಸಿಕ್ಕಿದೆ. ಮನಸ್ಸಿಲ್ಲದವರನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಒಬ್ಬ ಒಳ್ಳೆಯ ಪ್ರೋಗ್ರಾಮರನ್ನು ಕಳೆದುಕೊಂಡು ಒಬ್ಬ ಬೇಸತ್ತ ಮ್ಯಾನೇಜರನ್ನು ಪಡೆಯುತ್ತೀರಿ. ಸಂಬಳದಲ್ಲೂ ಗೌರವದಲ್ಲೂ ಮ್ಯಾನೇಜರ್‌ಗೆ ಸಮನಾದ ತಾಂತ್ರಿಕ ಹುದ್ದೆಯೊಂದು ನಿಮ್ಮಲ್ಲಿ ಇಲ್ಲವಾದರೆ ಅದನ್ನು ಮೊದಲು ಸೃಷ್ಟಿಸಿ. ಇಲ್ಲದಿದ್ದರೆ ಮುಂದೆ ಎಲ್ಲರೂ ಬಡ್ತಿಗಾಗಿಯೇ ಮ್ಯಾನೇಜರ್ ಆಗಲು ಬರುತ್ತಾರೆ. ಹೊಸಬರು ಕಷ್ಟದಲ್ಲಿದ್ದಾಗ ಯಾರ ಬಳಿ ಹೋಗಿ ಕೂರುತ್ತಾರೆ ಎಂದು ಎರಡು ವಾರ ಗಮನಿಸಿ. ಅವರಿಗೆ ಇಷ್ಟವಿದ್ದರೆ ಮೂರು ತಿಂಗಳ ಮಟ್ಟಿಗೆ ಒಂದು ತಂಡವನ್ನು ವಹಿಸಿ, ಹಿಂದಿನ ಕೆಲಸಕ್ಕೆ ಮರಳಿದರೆ ಅದು ಸೋಲಲ್ಲ ಎಂಬುದನ್ನು ಮೊದಲೇ ಎಲ್ಲರೆದುರು ಹೇಳಿಬಿಡಿ. ಹೊರಗಿನಿಂದ ತರುವುದಾದರೆ ಎರಡನೆಯ ಮ್ಯಾನೇಜರನ್ನು ತನ್ನಿ. ಮೊದಲನೆಯವರೇ ಹೊರಗಿನವರಾದರೆ ತಮ್ಮ ಹಿಂದಿನ ಕಂಪನಿಯ ಅಚ್ಚನ್ನೇ ನಿಮ್ಮಲ್ಲಿ ಒತ್ತುವ ಸಾಧ್ಯತೆ ಹೆಚ್ಚು. ತಂಡಗಳನ್ನು ಸ್ಕ್ವಾಡ್, ಅವುಗಳ ಗುಂಪನ್ನು ಟ್ರೈಬ್ ಎಂದು ಕರೆದ ಸ್ಪಾಟಿಫೈನ ಮಾದರಿಯನ್ನು ವಿವರಿಸಿದ 2012ರ ಬರಹವು ಇದು ಆ ಹೊತ್ತಿನ ಒಂದು ಚಿತ್ರ ಮಾತ್ರ ಎಂದು ತಾನೇ ಹೇಳಿಕೊಂಡಿದ್ದರೂ, ಎಷ್ಟೋ ಕಂಪನಿಗಳು ಹೆಸರುಗಳನ್ನಷ್ಟೇ ನಕಲು ಮಾಡಿಕೊಂಡು ಕುಳಿತವು.

ಕೋಡ್ ಬಿಡಬೇಡಿ, ಆದರೆ ಬೇರೆ ಯಾರೂ ಕಾದು ಕೂರುವಂಥ ಕೆಲಸವನ್ನು ಕೈಗೆತ್ತಿಕೊಳ್ಳಬೇಡಿ. ನೀವು ಸಭೆಗಳ ನಡುವೆ ಬರೆಯುವ ಫೀಚರ್ ಎಂದೂ ಹೊತ್ತಿಗೆ ಮುಗಿಯುವುದಿಲ್ಲ. ಬಿಲ್ಡ್ ಸಮಯವನ್ನು (ಕೋಡ್ ಅನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿಸಲು ಹಿಡಿಯುವ ಸಮಯವನ್ನು) ಇಳಿಸುವುದು, ಆಗಾಗ ಸುಳ್ಳೇ ವಿಫಲವಾಗುವ ಟೆಸ್ಟ್‌ಗಳನ್ನು ಸರಿಪಡಿಸುವುದು, ಇಂಥವು ನಿಮಗೆ ಒಪ್ಪುತ್ತವೆ. ತಂಡದವರು ದಿನವೂ ಅನುಭವಿಸುವ ಕಿರಿಕಿರಿ ಏನೆಂದು ನಿಮಗೂ ತಿಳಿಯುತ್ತದೆ.

ಸಂಸ್ಥಾಪಕರಿಗೆ ಅಭಿಪ್ರಾಯ ಹೇಳಲು ಹೋಗದೆ ಗಡಿಯಾರ ತೋರಿಸಿ. ಇತ್ತೀಚಿನ ಇಪ್ಪತ್ತು ಬದಲಾವಣೆಗಳನ್ನು ತೆಗೆದುಕೊಂಡು, ಪ್ರತಿಯೊಂದರಲ್ಲೂ ಬರೆಯಲು ಹಿಡಿದ ಸಮಯವೆಷ್ಟು, ರಿವ್ಯೂಗೆ ಮತ್ತು ಡಿಪ್ಲಾಯ್‌ಗೆ ಕಾದ ಸಮಯವೆಷ್ಟು ಎಂದು ಬೇರೆ ಬೇರೆಯಾಗಿ ಬರೆಯಿರಿ. ನೀವು ಹೇಳಿದ ಮೂರು ನಾಲ್ಕು ದಿನಗಳ ಕಾಯುವಿಕೆ ನಿಜವಾದರೆ, ಬರೆಯುವ ಕೈಗಳನ್ನು ಹೆಚ್ಚಿಸಿದರೆ ಸರದಿ ಉದ್ದವಾಗುತ್ತದೆಯೇ ಹೊರತು ಕೆಲಸ ಬೇಗ ಮುಗಿಯುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಡಿಪ್ಲಾಯ್ ಎಷ್ಟು ಬಾರಿ ಆಗುತ್ತದೆ, ಬದಲಾವಣೆ ಬಳಕೆದಾರರನ್ನು ತಲುಪಲು ಎಷ್ಟು ಹೊತ್ತು, ಎಷ್ಟು ಡಿಪ್ಲಾಯ್‌ಗಳು ಕೆಡುತ್ತವೆ, ಕೆಟ್ಟದ್ದು ಸರಿಹೋಗಲು ಎಷ್ಟು ಹೊತ್ತು ಎಂಬ, ಸಾಫ್ಟ್‌ವೇರ್ ತಂಡಗಳನ್ನು ಅಧ್ಯಯನ ಮಾಡುವ ಡೋರಾ ಸಂಶೋಧನಾ ಬಳಗ ಹೆಸರುವಾಸಿ ಮಾಡಿದ ನಾಲ್ಕು ಅಳತೆಗಳನ್ನೂ ತಿಂಗಳಿಗೊಮ್ಮೆ ಗುರುತು ಹಾಕಿಕೊಳ್ಳಿ, ಆದರೆ ಅವುಗಳಿಂದ ವ್ಯಕ್ತಿಗಳನ್ನು ತೂಗಬೇಡಿ. ತೂಗಲು ಹೊರಟ ದಿನವೇ ಜನ ಅಂಕಿಗಳನ್ನು ಸಿಂಗರಿಸಲು ಕಲಿಯುತ್ತಾರೆ.

ಬಿಲ್ಲಿಂಗ್ ಮತ್ತು ಖಾತೆಗಳನ್ನು ಬೇರ್ಪಡಿಸಲು ಕಾಯಬೇಡಿ. ಸದ್ಯಕ್ಕೆ ಎರಡನ್ನೂ ಏಳು ಜನರ ತಂಡಕ್ಕೇ ಒಪ್ಪಿಸಿ, ಹಳಬರಿಬ್ಬರಲ್ಲಿ ಒಬ್ಬರನ್ನು ಅಲ್ಲಿಡಿ, ಇನ್ನೊಬ್ಬರನ್ನು ಬೇರೆ ತಂಡಕ್ಕೆ ಕಳಿಸಿ. ಬೇರ್ಪಡಿಸಬೇಕಾದ ಗೆರೆ ಯಾವುದೆಂದು ಆ ಏಳು ಜನ ಮೂರು ತಿಂಗಳಲ್ಲಿ ನಮಗಿಂತ ಚೆನ್ನಾಗಿ ಹೇಳುತ್ತಾರೆ.